ಅಪ್ಪನ ಹಾಸ್ಟೆಲ್ ಕಾರ್ಡು, ಮಗಳ ಹಾಸ್ಟೆಲ್ ಕಾಗದ: ನಿಮ್ಮ ಕಾಲದಲ್ಲಿ ನಿಯಮ ಹೇಗಿದ್ದವು?

ಮಾಳಮಡ್ಡಿ ಅಕ್ಕ

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ಅಪ್ಪ ತೀರಿಕೊಂಡು ಆರು ವರ್ಷವಾದರೂ ಅದನ್ನು ತೆರೆದಿರಲಿಲ್ಲ. ಮಾರ್ಕ್ಸ್ ಕಾರ್ಡು, ಫೀ ಪಾವತಿ, ಇನ್‌ಲ್ಯಾಂಡ್ ಪತ್ರಗಳ ನಡುವೆ ಒಂದು ದಪ್ಪ ಹಳದಿ ಕಾರ್ಡು ಸಿಕ್ಕಿತು. 1968ರ ಜೂನ್ ತಿಂಗಳದ್ದು. ಧಾರವಾಡದಲ್ಲಿ ಅವರು ಓದಿದ ಕಾಲೇಜಿನ ಹಾಸ್ಟೆಲ್ ನಿಯಮಗಳು, ಇಂಗ್ಲಿಷಿನಲ್ಲಿ ಅಚ್ಚಾದವು, ಒಟ್ಟು 14. ಪ್ರತಿ ನಿಯಮದ ಬದಿಗೆ ಅಪ್ಪ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದುಕೊಂಡಿದ್ದಾರೆ. ಕುಂದಗೋಳದ ಕಡೆಯ ಹಳ್ಳಿಯಿಂದ ಪಿಯುಸಿಗೆ ಬಂದ ಹುಡುಗ ಅವರು.

ರಾತ್ರಿ 8ಕ್ಕೆ ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಮುಂದೆ ಹಾಜರಿ. 10.30ಕ್ಕೆ ಕೋಣೆಯ ದೀಪ ಆರಿಸಬೇಕು. ಸಿನಿಮಾಕ್ಕೆ ಶನಿವಾರ ಮಾತ್ರ, ಅದೂ ಮೊದಲೇ ಚೀಟಿ ಬರೆದುಕೊಟ್ಟು. ಊರಿಗೆ ಹೋಗಲು ಪಾಲಕರ ಪತ್ರ. ಕೋಣೆಯಲ್ಲಿ ಸ್ಟೋವ್ ಹಚ್ಚಬಾರದು, ಹೊರಗಿನವರನ್ನು ಮಲಗಿಸಿಕೊಳ್ಳಬಾರದು. ಇವೆಲ್ಲ ಗಂಡುಹುಡುಗರಿಗೆ ಬರೆದ ನಿಯಮಗಳು.

ಈ ವರ್ಷ ನನ್ನ ಮಗಳು ಹುಬ್ಬಳ್ಳಿಯ ಒಂದು ಕಾಲೇಜಿನ ಹಾಸ್ಟೆಲ್ ಸೇರಿದಳು. ನಾನೂ ಅವಳೂ ಸಹಿ ಮಾಡಿದ ಕಾಗದದಲ್ಲಿ ಗೇಟು ಹಾಕುವ ಸಮಯ ಸಂಜೆ 6.30. ಅದೇ ಆವರಣದ ಹುಡುಗರ ಹಾಸ್ಟೆಲಿನ ಕಾಗದವನ್ನೂ ಪರಿಚಯದವರಿಂದ ತರಿಸಿ ನೋಡಿದೆ. ಅದರಲ್ಲಿ ಗಂಟೆಯೇ ಇಲ್ಲ, ‘ರಾತ್ರಿ ಸಕಾಲಕ್ಕೆ ಮರಳಬೇಕು’ ಎಂದಷ್ಟೇ ಇದೆ. ಕಾಲೇಜಿನ ಲೈಬ್ರರಿ ರಾತ್ರಿ 9ರವರೆಗೆ ತೆರೆದಿರುತ್ತದೆ. ಫೀ ಇಬ್ಬರಿಗೂ ಒಂದೇ.

ಅಂದರೆ ಗಂಡಸರ ನಿಯಮಗಳು ನಡುವೆ ಎಲ್ಲೋ ಒಂದೊಂದಾಗಿ ಉದುರಿಹೋಗಿವೆ. ಹೆಣ್ಣುಮಕ್ಕಳವು ಉದುರಿಲ್ಲ, ಅಪ್ಪನ ಕಾಲಕ್ಕಿಂತ ಒಂದೂವರೆ ತಾಸು ಬಿಗಿಯಾಗಿವೆ. ಇದು ಯಾವಾಗ, ಹೇಗೆ ಆಯಿತು? ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹಾಸ್ಟೆಲಿನಲ್ಲಿ ಇದ್ದವರು, ನಡೆಸಿದವರು ದಯವಿಟ್ಟು ನಿಮ್ಮ ನೆನಪು ಬರೆಯಿರಿ.

ಹಳೇ ಬೋರ್ಡಿಂಗ್ ಹುಡುಗ

ಅಕ್ಕಾರ, ನಿಮ್ಮ ತಂದಿಯವರ ಕಾರ್ಡಿನ ಸುದ್ದಿ ಓದಿ ರಾತ್ರಿ ನಿದ್ದಿ ಹತ್ತಲಿಲ್ಲ. ನಾನೂ ಅದ ಕಾಲದಾಗ ಧಾರವಾಡಕ್ಕ ಬಂದಾಂವ, ರೋಣ ತಾಲೂಕಿನಿಂದ. ಕಾಲೇಜ್ ಹಾಸ್ಟೆಲಿಗೆ ತುಂಬಾಕ ಮನ್ಯಾಗ ರೊಕ್ಕ ಇರಲಿಲ್ಲ. ಒಂದು ಮಠದ ಪ್ರಸಾದ ನಿಲಯದಾಗ ಇದ್ದು ಬಿ.ಎ. ಮುಗಿಸಿದೆ. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಪ್ರಸಾದ ನಿಲಯದ ಹೆಸರು ಎಲ್ಲಾರಿಗೂ ಗೊತ್ತದ. ನಾ ಇದ್ದದ್ದು ಬ್ಯಾರೆ ಮಠ, ಪದ್ಧತಿ ಮಾತ್ರ ಹೆಚ್ಚುಕಡಿಮಿ ಒಂದ.

ಅಲ್ಲೆ ಅಚ್ಚಾದ ನಿಯಮ ಒಂದೂ ಇರಲಿಲ್ಲ. ಮುಂಜಾನೆ 5ಕ್ಕ ಗಂಟಿ. ಜಳಕ, ವಿಭೂತಿ, ಪ್ರಾರ್ಥನೆ. ಪಂಕ್ತಿಯೊಳಗ ಕುಂತು ಉಣ್ಣೂದು, ಉಂಡ ತಾಟು ತಾನ ತೊಳಿಯೂದು. ಪಾಳಿ ಪ್ರಕಾರ ಅಂಗಳಾ ಕಸಾ ಹೊಡಿಯೂದು, ಬಾವಿ ನೀರು ಸೇದೂದು. ಫೀ ಅಂತ ಒಂದು ಪೈಸೆ ತಗೋತಿರಲಿಲ್ಲ. ಸುಗ್ಗಿ ಮುಗದ ಮ್ಯಾಲೆ ಭಕ್ತರ ಊರುಗಳಿಂದ ಚಕ್ಕಡ್ಯಾಗ ಜೋಳದ ಚೀಲ ಬರತಿದ್ದುವು, ಇಳಸೂದು ನಮ್ಮ ಕೆಲಸ. ಒಮ್ಮೆ ನಮ್ಮೂರ ಚಕ್ಕಡಿನ ಬಂತು. ಮ್ಯಾಲೆ ನಮ್ಮಪ್ಪ ಕುಂತಿದ್ದ. ತನ್ನ ಹೊಲದ ಎರಡು ಚೀಲ ಜೋಳಾ ಇಳಿಸಿದ, ಮಗ ಉಣ್ಣೂ ಪಂಕ್ತಿ ಬಾಗಲದಾಗ ನಿಂತು ನೋಡಿದ, ಅಪ್ಪಾರಿಗೆ ಅಡ್ಡಬಿದ್ದು ಹ್ವಾದ. ನನ್ನ ಕೂಡ ಒಂದು ಮಾತೂ ಆಡಲಿಲ್ಲ.

ಹಿಂಗಾಗಿ ನಿಯಮ ಮುರೀಬೇಕು ಅನ್ನೂ ವಿಚಾರನ ನಮಗ ಬರತಿರಲಿಲ್ಲ. ಯಾರದೋ ಊರಿನ ಜೋಳಾ ಉಣ್ಣಾಕತ್ತೀವಿ ಅನ್ನೂದ ದೊಡ್ಡ ನಿಯಮ ಆಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಆಮ್ಯಾಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನ ಇಟಗೊಂಡು ಸಂಗೀತ ಕಲಿಸಿದ್ರಲ್ಲ, ಅಲ್ಲೆನೂ ಮಂದಿ ಕೊಟ್ಟ ಕಾಳಿನ ಮ್ಯಾಲೆನ ಎಲ್ಲಾ ನಡೀತು.

ಆದ್ರ ಒಂದು ಮಾತು ಹೇಳಬೇಕು. ನಮ್ಮ ಪಂಕ್ತಿಯೊಳಗ ಹೆಣ್ಣುಹುಡುಗ್ಯಾರು ಇರಲಿಲ್ಲ. ನನಗಿಂತ ಶಾಣ್ಯಾಕಿ ಇದ್ದ ನಮ್ಮ ತಂಗಿ ಏಳನೇತ್ತಕ್ಕ ಸಾಲಿ ಬಿಟ್ಟಳು. ಆಕಿನ್ನ ಇಡಾಕ ಧಾರವಾಡದಾಗ ಜಾಗಾ ಎಲ್ಲೈತಿ ಅಂತ ಮನ್ಯಾಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಶಾಸನ ಓದುಗ

ಹಿರಿಯರ ಬರಹಕ್ಕೆ ಶರಣು. ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಮ್ಮ ಭಾಗದಲ್ಲಿ ವಿದ್ಯಾರ್ಥಿಗಳ ವಸತಿಗೆ ಕಲ್ಲಿನ ಮೇಲೆ ದಾಖಲೆ ಇದೆ. ಈಗಿನ ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಸಾಲೊಟಗಿಯ ಶಾಸನ ಕ್ರಿ.ಶ. 945ರದ್ದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆಗಳು ಇದ್ದವು. ಭೂಮಿಯ ದಾನದಲ್ಲಿ ಉಪಾಧ್ಯಾಯರ ಜೀವನಕ್ಕೆ ಬೇರೆ ಪಾಲು, ದೀಪಕ್ಕೆಂದೇ 12 ನಿವರ್ತನ (ನಿವರ್ತನ ಎಂದರೆ ಆಗಿನ ಭೂಮಿಯ ಅಳತೆ) ಬೇರೆ ಪಾಲು. ಓದುವವನಿಗೆ ರಾತ್ರಿ ಬೆಳಕು ಬೇಕು ಎಂದು ಹೊಲ ಬಿಟ್ಟುಕೊಟ್ಟ ಕಾಲ ಅದು. 10.30ಕ್ಕೆ ದೀಪ ಆರಿಸುವ ಕಾರ್ಡು ನೋಡಿದಾಗ ನನಗೆ ನೆನಪಾದದ್ದು ಆ 12 ನಿವರ್ತನ.

ಆಮೇಲಿನ ಶತಮಾನಗಳ ಮಾತು ಬಿಟ್ಟು ನೇರ ಧಾರವಾಡಕ್ಕೆ ಬರೋಣ. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ ಇಲ್ಲಿಗೆ 1837ರಲ್ಲಿ ಬಂತು. 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಕಾಲೇಜು ಮಾತ್ರ ಇರಲಿಲ್ಲ, ಮೆಟ್ರಿಕ್ ಆದವರು ಪುಣೆಗೆ ಹೋಗಬೇಕಿತ್ತು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದಾಗ, ಅದರ ಬೆನ್ನ ಹಿಂದೆ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಊರೂರು ತಿರುಗಿ ಕೂಡಿಸಿದ ಹಣ ಇತ್ತು. ಕಾಲೇಜೇನೋ ಬಂತು, ಹಳ್ಳಿಯ ಹುಡುಗ ಇರುವುದೆಲ್ಲಿ? ಬಡ ಬ್ರಾಹ್ಮಣರ ಹುಡುಗರಿಗೆ ವಾರಾನ್ನ ಇತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆ ಹಿಡಿದು ಓದುವುದು. ಉಳಿದ ಸಮಾಜಗಳವರು ತಮ್ಮ ತಮ್ಮ ಬೋರ್ಡಿಂಗ್ ಕಟ್ಟಿದರು. ಇದಕ್ಕೆ ಮಾದರಿ ಕೊಲ್ಲಾಪುರ. ಶಾಹು ಮಹಾರಾಜರು 1901ರಿಂದ ಒಂದೊಂದೇ ಸಮಾಜಕ್ಕೆ ವಸತಿಗೃಹಕ್ಕೆ ನೆರವು ಕೊಡುತ್ತ ಬಂದರು. 1956ರವರೆಗೆ ನಾವೂ ಮುಂಬಯಿ ಸೀಮೆಯವರೇ ಆದ್ದರಿಂದ ಆ ಗಾಳಿ ಇಲ್ಲಿಗೂ ಬೀಸಿತು. ‘ಬೋರ್ಡಿಂಗ್’, ‘ರೆಕ್ಟರ್’ ಎಂಬ ಮಾತುಗಳೂ ಆ ಕಡೆಯಿಂದಲೇ ಬಂದವು.

ಬಹಳ ಜನರಿಗೆ ತಿಳಿಯದ ಒಂದು ಸಂಗತಿ: 1928ರಲ್ಲಿ ಡಾ. ಅಂಬೇಡ್ಕರರು ದಲಿತ ಮಕ್ಕಳ ಓದಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಮುಂಬಯಿ ಸರಕಾರದ ನೆರವಿನಿಂದ ಅದು ನಡೆಸಿದ ಕೆಲವೇ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಯಾವ ಬೋರ್ಡಿಂಗಿನ ಪಂಕ್ತಿಯಲ್ಲೂ ಜಾಗವಿಲ್ಲದ ಮಕ್ಕಳಿಗೆ ಅದು ಸೂರಾಯಿತು. ಹಾಸ್ಟೆಲಿನ ಇತಿಹಾಸ ಹೇಳುವಾಗ ಒಳಗಿದ್ದವರ ಶಿಸ್ತಿನ ಬಗ್ಗೆ ಬರೆಯುತ್ತೇವೆ. ಬಾಗಿಲಲ್ಲೇ ನಿಂತು ಹಿಂತಿರುಗಿದವರ ಲೆಕ್ಕವನ್ನೂ ಇಡಬೇಕು.

ಹಿರೇಕೆರೂರ ಬಸ್

ಮೇಲಿನವರ ಕೊನೆಯ ಮಾತಿಗೆ ಸೇರಿಸುತ್ತೇನೆ. ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ 1972ರಲ್ಲಿ ನೇಮಕವಾಯಿತು, ವರದಿ 1975ರಲ್ಲಿ ಬಂತು. ಅಧ್ಯಕ್ಷರಾಗಿದ್ದ ಎಲ್.ಜಿ. ಹಾವನೂರರು ನಮ್ಮ ರಾಣೆಬೆನ್ನೂರಿನವರು. ಅದಾದ ಮೇಲಿನ ತಲೆಮಾರಿನಲ್ಲಿ ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು, ಅದೂ ಸರಕಾರಿ ಹಾಸ್ಟೆಲಿನಿಂದ. 1994. ಒಂದು ಕೋಣೆಯಲ್ಲಿ 12 ಜನ, ಎರಡು ಬಚ್ಚಲು. ಇದ್ದ ನಿಯಮಗಳು ನೆನಪಿಲ್ಲ, ಯಾಕೆಂದರೆ ಓದಿ ಹೇಳುವವರೇ ಇರಲಿಲ್ಲ. ವಾರ್ಡನ್‌ಗೆ ಮೂರು ಹಾಸ್ಟೆಲ್ ಚಾರ್ಜು, ವಾರಕ್ಕೆ ಎರಡು ಸಲ ಬರುತ್ತಿದ್ದರು. ಅಡುಗೆಯ ಅಜ್ಜನೇ ನಮಗೆ ತಂದೆ, ತಾಯಿ, ರೆಕ್ಟರ್. ಪರೀಕ್ಷೆ ದಿನ ಮುಂಜಾನೆ 4ಕ್ಕೆ ಎದ್ದು ಚಹಾ ಇಡುತ್ತಿದ್ದ.

ನನ್ನ ತಮ್ಮನಿಗೆ ಸೀಟು ಸಿಗಲಿಲ್ಲ. ರೂಮು ಮಾಡಿ ಓದಿದ. ದಿನಾ ಮಧ್ಯಾಹ್ನ ಊರಿನ ಬಸ್ಸಿಗೆ ಅವ್ವ ರೊಟ್ಟಿ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಕಂಡಕ್ಟರ್ ಅದನ್ನು ಇಂಜಿನ್ ಪಕ್ಕ ಇಟ್ಟುಕೊಂಡು ತರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಪ್ಪತ್ತು ಹುಡುಗರು ತಮ್ಮ ತಮ್ಮ ಊರಿನ ಬಸ್ಸಿಗೆ ಕಾಯುತ್ತ ನಿಲ್ಲುತ್ತಿದ್ದರು. ಬಟ್ಟೆಯ ಬಣ್ಣದಿಂದಲೇ ಯಾರ ಬುತ್ತಿ ಎಂದು ಗೊತ್ತಾಗುತ್ತಿತ್ತು. ಖಾಲಿ ಬುತ್ತಿಯಲ್ಲಿ ತಮ್ಮ ಚೀಟಿ ಇಟ್ಟು ಕಳಿಸುತ್ತಿದ್ದ: ‘ಪುಂಡಿಪಲ್ಯ ಕೆಟ್ಟಿತ್ತು, ನಾಳೆ ಶೇಂಗಾ ಹಿಂಡಿ ಕಳಸು’.

2013ರಲ್ಲಿ ಸರಕಾರದ ವಿದ್ಯಾಸಿರಿ ಯೋಜನೆ ಬಂತು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು. ತಮ್ಮನ ಓದು ಅಷ್ಟರಲ್ಲಿ ಮುಗಿದಿತ್ತು. ಈಗ ಆ ಹಣದಲ್ಲಿ ಧಾರವಾಡದಲ್ಲಿ ರೂಮಿನ ಬಾಡಿಗೆಯೂ ಹುಟ್ಟುವುದಿಲ್ಲ. ಇದನ್ನು ನಿಯಮದ ಚರ್ಚೆಯಲ್ಲಿ ಯಾಕೆ ಹೇಳಿದೆನೆಂದರೆ, ಸೀಟು ಸಿಗುವುದೇ ಕಷ್ಟವಾದಾಗ ಒಳಗಿನ ನಿಯಮ ಸರಿಯಿಲ್ಲ ಎಂದು ಯಾರೂ ಬಾಯಿ ತೆರೆಯುವುದಿಲ್ಲ. ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ.

ನಿವೃತ್ತ ವಾರ್ಡನ್

ಮಾಳಮಡ್ಡಿ ಅಕ್ಕ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು, ಯಾಕೆಂದರೆ 19 ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಬೀಗದ ಕೈ ನನ್ನ ಹತ್ತಿರ ಇತ್ತು.

ಹುಡುಗರ ನಿಯಮಗಳನ್ನು ಯಾರೂ ಕುಳಿತು ರದ್ದು ಮಾಡಲಿಲ್ಲ. ನಾನು ಕಂಡಂತೆ ಅವು ಸವೆದುಹೋದವು. ಮೊದಲು ರೆಕ್ಟರ್ ಕ್ವಾರ್ಟರ್ಸ್ ಹಾಸ್ಟೆಲಿನ ಒಳಗೇ ಇತ್ತು, ಆಮೇಲೆ ಅವರು ಊರಲ್ಲಿ ಮನೆ ಕಟ್ಟಿಸಿ ಹೋದರು. ಹಾಜರಿ ತೆಗೆಯಲು ಕ್ಲಾರ್ಕ್ ಬಂದ, ಆಮೇಲೆ ವಾಚ್‌ಮನ್. ಹುಡುಗರು ವಾಚ್‌ಮನ್ ಮಾತು ಕೇಳಲಿಲ್ಲ. ಮೆಸ್ಸನ್ನು ಹುಡುಗರೇ ನಡೆಸತೊಡಗಿದರು: ಮೆಸ್ ಸೆಕ್ರೆಟರಿ, ತಿಂಗಳ ಕೊನೆಗೆ ಖರ್ಚು ಹಂಚಿಕೊಳ್ಳುವ ಡಿವೈಡಿಂಗ್ ಪದ್ಧತಿ. ದುಡ್ಡಿನ ಲೆಕ್ಕ ಅವರ ಕೈಗೆ ಬಂದ ಮೇಲೆ ಗೇಟಿನ ಸಮಯವನ್ನು ಅವರ ಮೇಲೆ ಹೇರುವುದು ಸಾಧ್ಯವಾಗಲಿಲ್ಲ.

ನಮ್ಮಲ್ಲಿ ಹಾಗಾಗಲಿಲ್ಲ. ನಾನು ಹಾಸ್ಟೆಲಿನಲ್ಲೇ ವಾಸ, ಅಡುಗೆ ನನ್ನ ಉಸ್ತುವಾರಿ. ಪಾಲಕರು ಮಗಳನ್ನು ಬಿಡಲು ಬಂದಾಗ ಮೊದಲು ಕೇಳುತ್ತಿದ್ದದ್ದೇ ಗೇಟಿನ ಸಮಯ. ಹುಬ್ಬಳ್ಳಿಯ ಮಹಿಳಾ ವಿದ್ಯಾಪೀಠದಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ನಾಗಮ್ಮನವರು 1930ರ ದಶಕದಲ್ಲಿ ಹರಿಜನ ಬಾಲಿಕೆಯರನ್ನು ತಂದು ಇಟ್ಟುಕೊಂಡಾಗ ಎದುರಿಸಿದ ಮಾತುಗಳನ್ನು ನಮ್ಮ ಹಿರಿಯರಿಂದ ಕೇಳಿದ್ದೆ. ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ತಂದು ಓದಿಸುವುದೇ ಹೋರಾಟವಾಗಿದ್ದ ಕಾಲದಲ್ಲಿ ಬೀಗ ಒಂದು ಭರವಸೆ. ‘ನಿಮ್ಮ ಮಗಳು ಇಲ್ಲಿ ಇದ್ದಾಳೆ’ ಎಂದು ನಾನು ಆ ಬೀಗ ತೋರಿಸಿ ಹೇಳುತ್ತಿದ್ದೆ. ನಂಬಿ ಕಳಿಸಿದರು. ಬಂದ ಮಕ್ಕಳು ಡಾಕ್ಟರ್, ಪ್ರಾಧ್ಯಾಪಕರಾದರು. ಅದನ್ನು ನಾನು ಸಣ್ಣದೆಂದು ಹೇಳಲಾರೆ.

ಆದರೆ ಒಂದು ರಾತ್ರಿ ಮರೆತಿಲ್ಲ. ಒಬ್ಬ ಹುಡುಗಿ ಅಜ್ಜಿಯ ಮಣ್ಣಿಗೆ ಊರಿಗೆ ಹೋಗಿ ಮರಳುವಾಗ ಅಣ್ಣಿಗೇರಿ ಹತ್ತಿರ ಬಸ್ಸು ಕೆಟ್ಟಿತು. 7ಕ್ಕೆ ಗೇಟು ಹಾಕಿತ್ತು. ನಾನು ಬೀಗದ ಕೈ ತೆಗೆದುಕೊಂಡು ಒಂದು ಮದುವೆ ಆರತಕ್ಷತೆಗೆ ಹೋಗಿದ್ದೆ, ಮೊಬೈಲ್ ಇಲ್ಲದ ಕಾಲ. ಅವಳು 9.30ರವರೆಗೆ ಗೇಟಿನ ಹೊರಗೆ ವಾಚ್‌ಮನ್ ಸ್ಟೂಲಿನ ಮೇಲೆ, ರಸ್ತೆಗೆ ಎದುರಾಗಿ, ಒಬ್ಬಳೇ ಕುಳಿತಿದ್ದಳು. ಹುಡುಗಿಯರ ರಕ್ಷಣೆಗೆ ಎಂದು ಹಾಕಿದ ಬೀಗ ಆ ರಾತ್ರಿ ಅವಳನ್ನು ಬೀದಿಯಲ್ಲಿ ಇಟ್ಟಿತು. ಮರುದಿನ ನಾನು ಅವಳಿಂದಲೇ ತಪ್ಪೊಪ್ಪಿಗೆ ಬರೆಸಿಕೊಂಡೆ, ನಿಯಮ ಹಾಗಿತ್ತು. ಆ ಕಾಗದವನ್ನು ನಾನು ಬರೆದುಕೊಡಬೇಕಿತ್ತು. ಆಕೆ ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸಮ್ಮ.

ವಕೀಲೆ, ಹುಬ್ಬಳ್ಳಿ

ಅಮ್ಮಾ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಕಾನೂನಿನ ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹಾಸ್ಟೆಲ್ ನಡೆಸುವವರು ‘ತಂದೆತಾಯಿಯ ಸ್ಥಾನದಲ್ಲಿದ್ದೇವೆ’ ಎನ್ನುವುದು ಇಂಗ್ಲೆಂಡಿನಿಂದ ಬಂದ ಹಳೆಯ ತತ್ವ. ಅಮೆರಿಕದ ಕಾಲೇಜುಗಳೂ ಅದನ್ನೇ ಹಿಡಿದಿದ್ದವು. 1961ರಲ್ಲಿ ಅಲಬಾಮಾದ ಕಪ್ಪು ವಿದ್ಯಾರ್ಥಿಗಳ ಮೊಕದ್ದಮೆಯಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಸರಕಾರಿ ಕಾಲೇಜು ವಿಚಾರಣೆಯಿಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ ಎಂದಿತು. ಆ ತತ್ವ ಸಡಿಲವಾದದ್ದು ಅಲ್ಲಿಂದ.

ನಮ್ಮಲ್ಲಿ 18 ತುಂಬಿದವರು ಪ್ರಾಪ್ತರು ಎಂಬುದು 1875ರ ಕಾಯ್ದೆಯಿಂದಲೇ ಇದೆ. ಮತದ ಹಕ್ಕನ್ನು 21ರಿಂದ 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿ, ಅಂದರೆ ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ನಿಯಮಾವಳಿ, ಒಂದು ಮಾತನ್ನು ನೇರವಾಗಿ ಹೇಳುತ್ತದೆ: ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹಾಕಬಾರದು. ಕೇರಳದಲ್ಲಿ 2022ರಲ್ಲಿ ಕೋಳಿಕ್ಕೋಡು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ಗೇಟಿನ ವಿರುದ್ಧ ಹೈಕೋರ್ಟಿಗೆ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ಸರಕಾರ ಹುಡುಗ, ಹುಡುಗಿ ಇಬ್ಬರಿಗೂ ಒಂದೇ ನಿಯಮ ಎಂದು ಆದೇಶ ಹೊರಡಿಸಿತು. ಅವರು 9.30 ಸಾಲದೆಂದು ನ್ಯಾಯಾಲಯಕ್ಕೆ ಹೋದವರು, ನಾವಿಲ್ಲಿ 6.30ರ ಮಾತಾಡುತ್ತಿದ್ದೇವೆ.

ಎಲ್ಲ ನಿಯಮವೂ ಕೆಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. 2009ರ ರ‍್ಯಾಗಿಂಗ್ ವಿರೋಧಿ ನಿಯಮಾವಳಿ ಬಂದ ಮೇಲೆ ಹೊಸ ಮಕ್ಕಳಿಗೆ ಬೇರೆ ಬ್ಲಾಕ್, ವಿದ್ಯಾರ್ಥಿ ಮತ್ತು ಪಾಲಕರಿಂದ ಮುಚ್ಚಳಿಕೆ, ಹಠಾತ್ ತಪಾಸಣೆ ಎಲ್ಲ ಕಡ್ಡಾಯವಾದವು. ಅದು ಅಗತ್ಯದ ಬಿಗಿ. ಒಳಗಿರುವವರ ಜೀವ ಕಾಯುತ್ತದೆ, ಗಂಡು ಹೆಣ್ಣೆಂದು ನೋಡುವುದಿಲ್ಲ.

ಸಪ್ತಾಪುರ ಪಿಜಿ

ನಾನು ಹಾಸ್ಟೆಲ್ ನೋಡಿದವಳಲ್ಲ. ಡಿಗ್ರಿ ಮುಗಿಸಿ ಕೆಎಎಸ್ ಓದಲು ಶಿರಹಟ್ಟಿ ಕಡೆಯಿಂದ ಧಾರವಾಡಕ್ಕೆ ಬಂದು ಎರಡು ವರ್ಷ. ಪಿಜಿಗೆ ನಿಯಮಾವಳಿಯ ಕಾಗದವೇ ಇಲ್ಲ, ಓನರ್ ಆಂಟಿ ಹೇಳಿದ್ದೇ ನಿಯಮ. 8 ದಾಟಿದರೆ ಅಪ್ಪನಿಗೆ ಫೋನ್ ಹೋಗುತ್ತದೆ. ನನಗೆ 24 ವರ್ಷ. ರೀಡಿಂಗ್ ರೂಮಿಗೆ ತಿಂಗಳಿಗೆ ಬೇರೆ ಹಣ ಕಟ್ಟಿದ್ದೇನೆ, ಅದು ರಾತ್ರಿ 11ರವರೆಗೆ ತೆರೆದಿರುತ್ತದೆ. ನನ್ನ ಸೀಟು 7.40ಕ್ಕೆ ಖಾಲಿ. ಪಕ್ಕದ ಸೀಟಿನ ಹುಡುಗ ನನಗಿಂತ ದಿನಕ್ಕೆ ಮೂರು ತಾಸು ಹೆಚ್ಚು ಓದುತ್ತಾನೆ. ಪರೀಕ್ಷೆ ಇಬ್ಬರಿಗೂ ಒಂದೇ ದಿನ. ಇದಕ್ಕಿಂತ ಹೆಚ್ಚು ಬರೆಯಲು ಈಗ ಪುರಸೊತ್ತಿಲ್ಲ.

ಹಾನಗಲ್ ರೈತ

ಎಲ್ಲಾರೂ ಓದಿದವರು ಬರದೀರಿ, ನಂದೊಂದು ಮಾತು. ನನ್ನ ಮಗಳೂ ಹುಬ್ಬಳ್ಳ್ಯಾಗ ಹಾಸ್ಟೆಲಿನ್ಯಾಗ ಅದಾಳ, ಬಿ.ಎಸ್ಸಿ. ನಾ ಗೇಟಿನ ಟೈಮ್ ನೋಡೇ ಅಲ್ಲಿ ಹಚ್ಚೀನಿ. 9ಕ್ಕ ಗೇಟು ಅಂದಿದ್ರ ನಮ್ಮ ಮನ್ಯಾಗ ಒಪ್ಪತಿರಲಿಲ್ಲ. ಕೇರ‍್ಯಾಗ ನಾಕು ಮಂದಿ ಆಡೂ ಮಾತು ನಾವು ತಿನ್ನಬೇಕಾಗತದ, ಕೋರ್ಟು ಬಂದು ತಿನ್ನೂದಿಲ್ಲ. ನಿಯಮ ತಗದು ಹಾಕಿದ್ರ ಮೊದಲ ಮನಿಗೆ ವಾಪಸ್ ಬರೂವು ನಮ್ಮಂಥಾರ ಮಕ್ಕಳ. ಇದನ್ನ ಯಾರಾರ ವಿಚಾರ ಮಾಡೀರೇನ್ರಿ?

ಮಾಳಮಡ್ಡಿ ಅಕ್ಕ

ಅಣ್ಣಾರ, ನಿಮ್ಮ ಮಾತು ನನಗೆ ಹೊಸದಲ್ಲ. ಮಗಳು ಹುಟ್ಟಿದ ದಿನದಿಂದ ಇದೇ ಅಂಜಿಕೆ ನನ್ನ ಎದೆಯಲ್ಲೂ ಇದೆ. ಗೇಟೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೋದ ಭಾನುವಾರ ಹೋಗಿ ಲೈಬ್ರರಿಯ ಬಾಗಿಲಿನಿಂದ ಹಾಸ್ಟೆಲಿನ ಗೇಟಿನವರೆಗೆ ನಾನೇ ನಡೆದು ನೋಡಿದೆ. ಐದು ನಿಮಿಷದ ದಾರಿ, ಎಲ್ಲ ಕಾಂಪೌಂಡಿನ ಒಳಗೇ. ನಾಲ್ಕು ದೀಪದ ಕಂಬಗಳಲ್ಲಿ ಎರಡು ಉರಿಯುವುದಿಲ್ಲ. ನಾನು ಕೇಳಬೇಕೆಂದಿರುವುದು ಎರಡೇ: ಆ ಎರಡು ದೀಪ ಹಚ್ಚಿಸಿ, ಗೇಟಿನ ಸಮಯವನ್ನು ಲೈಬ್ರರಿ ಮುಚ್ಚುವ ಸಮಯಕ್ಕೆ ಸರಿಮಾಡಿ. ಹುಡುಗರಿಗೂ ಅದೇ ಗಂಟೆ ಬರೆಯಿರಿ.

ಅಪ್ಪನ ಕಾರ್ಡಿನ 11ನೇ ನಿಯಮ ಬರೆಯಲು ಮರೆತಿದ್ದೆ. ಕೋಣೆಯ ದೀಪ 10.30ಕ್ಕೆ ಆರಿಸಬೇಕು, ಆದರೆ ಓದುವ ಕೋಣೆ 12ರವರೆಗೆ ತೆರೆದಿರುತ್ತದೆ. ಅದರ ಬದಿಗೆ ಅಪ್ಪ ಅರ್ಥ ಬರೆದಿಲ್ಲ. ‘ಇಲ್ಲಿ ಎಣ್ಣೆ ಮುಗಿಯುವುದಿಲ್ಲ’ ಎಂದು ಬರೆದಿದ್ದಾರೆ. ಅವರ ಊರಿಗೆ ಆಗ ಕರೆಂಟು ಬಂದಿರಲಿಲ್ಲ.

ಶಾಸನ ಓದುಗ

ಅಕ್ಕಾ, ಆ ಕಾರ್ಡನ್ನು ಎರಡೂ ಬದಿ ಸ್ಕ್ಯಾನ್ ಮಾಡಿ ಇಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಹಳೆಯ ಕಾಗದ ಅದರೊಳಗೆ ಹಾಳಾಗುತ್ತದೆ.

ನಿವೃತ್ತ ವಾರ್ಡನ್

ಪ್ರಾಚಾರ್ಯರನ್ನು ಕಾಣಲು ಹೋಗುವ ದಿನ ತಿಳಿಸಿ, ನಾನೂ ಬರುತ್ತೇನೆ. ಬೀಗ ಹಾಕಿದವಳೇ ಬಂದು ಹೇಳಿದರೆ ಕೇಳಿಸಿಕೊಂಡಾರು. ಒಂದು ಸೂಚನೆ: ಗೇಟಿನ ಬೀಗದ ಕೈ ಎರಡು ಇರಬೇಕು, ಒಂದು ಯಾವಾಗಲೂ ಗೇಟಿನಲ್ಲೇ ಇರಬೇಕು ಎಂಬುದನ್ನೂ ಪತ್ರದಲ್ಲಿ ಸೇರಿಸಿ.

ಹಾನಗಲ್ ರೈತ

ಅಕ್ಕಾರ, ಮೂರು ದಿನ ಆತು ನಿಮ್ಮ ಮಾತು ತಲಿಯೊಳಗ ಕುಂತದ. ನಿನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿ ಕೇಳಿದೆ, ನಿಮ್ಮಲ್ಲೆ ಲೈಬ್ರರಿ ಎಷ್ಟರ ತನಕಾ ಇರತದವಾ ಅಂತ. ‘8ರ ತನಕಾ ಅಪ್ಪಾ, ನಾವು 6ಕ್ಕ ಎದ್ದು ಹಾಸ್ಟೆಲಿಗೆ ಹೋಗತೀವಿ’ ಅಂದಳು. ಎರಡು ವರ್ಷ ಆತು ಹೋಗಿ, ಯಾಕ ಹೇಳಲಿಲ್ಲ ಅಂದೆ. ‘ಹೇಳಿದ್ರ ಓದೂದ ಬ್ಯಾಡ, ಮನಿಗೆ ಬಾ ಅಂತೀರಿ ಅಂತ ಸುಮ್ಮನಿದ್ದೆ’ ಅಂದಳು.

ನೀವು ಬರದ ಪತ್ರದ ಒಂದು ಪ್ರತಿ ನನಗೂ ಕಳಸ್ರಿ. ನಮ್ಮ ಹುಡುಗಿ ಕಾಲೇಜು ಬ್ಯಾರೆ, ಹೆಸರು ತಿದ್ದಿ ಅಲ್ಲಿ ಕೊಡತೀನಿ. ಶನಿವಾರ ಹೆಂಗೂ ರೊಟ್ಟಿ ಬುತ್ತಿ ಕೊಡಾಕ ಹುಬ್ಬಳ್ಳಿಗೆ ಬರೂದದ.